ಮೂವತ್ತೆರಡು ಸಲ ತೊಳೆದ ಟ್ಯಾಂಕು

ಬೀಗದಪ್ಪನಿಗೆ ಲೆಟರ್‌ಹೆಡ್ ಮಾಡಿಸುವ ಬುದ್ಧಿ ಯಾವ ಗಳಿಗೆಯಲ್ಲಿ ಬಂತೋ, ಆ ಗಳಿಗೆಗೆ ಬೆಂಕಿ ಬೀಳಲಿ. ಅದೊಂದು ಇಲ್ಲದಿದ್ದರೆ ಅವನು ಇವತ್ತಿಗೂ ತನ್ನ ಪಾಡಿಗೆ ತಾನು ಕೀ ಉಜ್ಜುತ್ತಾ ಕೂತಿರುತ್ತಿದ್ದ, ಪುರಸಭೆಯೂ ತನ್ನ ಪಾಡಿಗೆ ತಾನು ಊರಿಗೆ ಟೋಪಿ ಹಾಕುತ್ತಾ ಕೂತಿರುತ್ತಿತ್ತು.

ಬೀಗದಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಊರು ಇಟ್ಟದ್ದು. ಬಸ್ ನಿಲ್ದಾಣದ ಹಿಂದೆ ಅವನ ಅಂಗಡಿ. ಗಿರಾಕಿ ಒಳಗೆ ಬರಬೇಕಾದರೆ ಮಾಲೀಕ ಹೊರಗೆ ಹೋಗಬೇಕು, ಅಷ್ಟು ವಿಶಾಲ. ಇಂಥ ಅಂಗಡಿಗೆ ಅವನು ಪ್ರೆಸ್ಸಿನವನ ಮಾತು ಕಟ್ಟಿಕೊಂಡು “ಜನರಲ್ ಎಂಜಿನಿಯರ್ಸ್, ಸಪ್ಲೈಯರ್ಸ್ ಅಂಡ್ ಕನ್ಸಲ್ಟೆಂಟ್ಸ್” ಎಂದು ನೂರು ಹಾಳೆ ಅಚ್ಚು ಹಾಕಿಸಿದ. ಮೂಲೆಯಲ್ಲಿ ಹಲ್ಲಿನ ಚಕ್ರದ ಚಿತ್ರ ಬೇರೆ. ಕನ್ಸಲ್ಟೆಂಟ್ ಅಂದರೇನು ಎಂದು ಹೆಂಡತಿ ಕೇಳಿದಳು.

“ಕೇಳಿದವರಿಗೆ ಹೇಳೋನು” ಎಂದ.

“ನಿಮ್ಮನ್ನ ಯಾರು ಕೇಳ್ತಾರೆ?” ಎಂದು ಅವಳು ಒಳಗೆ ಹೋದಳು.

ಇನ್ನೊಂದು ಸಂಗತಿಯನ್ನು ಈಗಲೇ ಹೇಳಿಬಿಡಬೇಕು, ಏಕೆಂದರೆ ಅದು ನಗುವ ವಿಷಯವಲ್ಲ. ಬೀಗದಪ್ಪನಿಗೆ ಒಬ್ಬಳೇ ಮಗಳು, ಹನ್ನೆರಡು ವರ್ಷ. ಆ ವರ್ಷ ಅವಳಿಗೆ ಎರಡು ಸಲ ಕಾಮಾಲೆ ಆಗಿತ್ತು. ಎರಡನೇ ಸಲ ಡಾಕ್ಟರು ಕನ್ನಡಕ ತೆಗೆದಿಟ್ಟು, “ಮೂರನೇ ಸಲ ಬಂದ್ರೆ ನನ್ನ ಹತ್ರ ತರಬೇಡಿ, ದೊಡ್ಡಾಸ್ಪತ್ರೆಗೇ ಓಡಿ. ಮಗುವಿನ ಲಿವರ್ ಇನ್ನು ತಡೆಯಲ್ಲ. ಮೊದಲು ಕುಡಿಯೋ ನೀರು ನೋಡ್ಕೊಳ್ಳಿ” ಎಂದರು. ಕುಡಿಯುವ ನೀರು ಅಂದರೆ ನಲ್ಲಿ ನೀರು, ನಲ್ಲಿ ನೀರು ಅಂದರೆ ಪುರಸಭೆಯ ಟ್ಯಾಂಕಿನ ನೀರು. ದಿನಾ ಕ್ಯಾನ್ ನೀರು ಕೊಳ್ಳುವ ತಾಕತ್ತು ಕೀ ಉಜ್ಜುವವನಿಗೆ ಎಲ್ಲಿಂದ ಬರಬೇಕು? ಹೆಂಡತಿ ಕುದಿಸಿದಳು, ಸೋಸಿದಳು, ಮತ್ತೆ ಕುದಿಸಿದಳು. ಮಗಳು ಮಾತ್ರ ಹಾಸಿಗೆ ಬಿಟ್ಟು ಎದ್ದು ಶಾಲೆಗೆ ಹೋದ ದಿನಗಳು ಬೆರಳೆಣಿಕೆ.

ಆ ಟ್ಯಾಂಕನ್ನು ಮೂರು ತಿಂಗಳಿಗೊಮ್ಮೆ ತೊಳೆಯುವ ಕಂಟ್ರಾಕ್ಟು ಯಾರದು ಅಂದುಕೊಂಡಿರಿ? ಬೀಗದಪ್ಪನ ಭಾವಮೈದನದೇ. ಎಂಟು ವರ್ಷದಿಂದ ಅವನದೇ. ಅಕ್ಕನ ಮೇಲೆ ಪ್ರಾಣ, ಅಕ್ಕನ ಮಗಳ ಮೇಲೆ ಅದಕ್ಕಿಂತ ಪ್ರಾಣ. ಕಾಯಿಲೆ ಬಂದಾಗಲೆಲ್ಲ ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದು, ಹಾಸಿಗೆ ಪಕ್ಕ ಕೂತು, “ಯಾರ ಕಣ್ಣು ಬಿತ್ತೋ ನಮ್ಮ ಕೂಸಿಗೆ” ಎಂದು ಕರ್ಚೀಫಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ.

ಅವನು ಒಂದು ದಿನ ಅಂಗಡಿಗೆ ಬಂದ. ಬೀಗದಪ್ಪ ಹೊರಗೆ ಬಂದು ಅವನಿಗೆ ಒಳಗೆ ಜಾಗ ಕೊಟ್ಟ.

“ಭಾವ, ನಿಮ್ಮ ಲೆಟರ್‌ಹೆಡ್ ಒಂದು ಬೇಕಿತ್ತು. ಟ್ಯಾಂಕ್ ತೊಳೆಯೋಕೆ ಕೊಟೇಶನ್. ರೂಲ್ಸ್ ಪ್ರಕಾರ ಮೂರು ಜನದ್ದು ಇರ್ಬೇಕು.”

“ನಾನು ಟ್ಯಾಂಕ್ ತೊಳೀತೀನೇನೋ?”

“ಅಯ್ಯೋ, ಯಾರು ತೊಳೀತಾರೆ ಭಾವ!” ಎಂದು ಅವನು ನಕ್ಕ. ಬೀಗದಪ್ಪನೂ ನಕ್ಕ, ಯಾಕೆ ಅಂತ ಗೊತ್ತಿರಲಿಲ್ಲ. “ನಂದೊಂದು, ಸೈಕಲ್ ಶಾಪಿನವನದೊಂದು ಇದೆ. ಮೂರನೇದು ಇಷ್ಟು ವರ್ಷ ನಮ್ಮ ಮರದ ಡಿಪೋದ ಯಜಮಾನರು ಕೊಡ್ತಿದ್ರು. ಪಾಪ, ತೀರ್ಕೊಂಡ್ರು. ತೀರ್ಕೊಂಡ ಮೇಲೂ ಎರಡು ಸಲ ಅವರದ್ದೇ ಹಾಕಿದ್ವಿ, ಆಡಿಟ್‌ನವರು ಕ್ಯಾತೆ ತೆಗೆದ್ರು. ನೀವು ಸುಮ್ನೆ ನನಗಿಂತ ಜಾಸ್ತಿ ರೇಟ್ ಬರೆದು ಕವರಲ್ಲಿ ಹಾಕಿ ಕೊಟ್ಬಿಡಿ, ಸಾಕು.”

ಲೆಟರ್‌ಹೆಡ್ಡನ್ನು ಮೊದಲ ಸಲ ಯಾರೋ ಕೇಳಿದ್ದರು. ಬೀಗದಪ್ಪನ ಎದೆ ಉಬ್ಬಿತು. ಆದರೆ ಬರೆಯಲು ಕೂತಾಗ ಅವನ ಹಾಳು ಸ್ವಭಾವ ಅಡ್ಡ ಬಂತು. ಕೆಳಗೆ ತನ್ನ ಸಹಿ, ಮೇಲೆ ಹಲ್ಲಿನ ಚಕ್ರ, ನಡುವೆ ಬಾಯಿಗೆ ಬಂದ ರೇಟೇ? ನೋಡಿದವರು ದರೋಡೆಕೋರ ಅನ್ನಲ್ಲವೆ? ಎರಡು ಆಳು, ನಾಲ್ಕು ದಿನ, ಬ್ರಶ್ಶು, ಬಕೆಟ್ಟು, ಬ್ಲೀಚಿಂಗ್ ಪೌಡರ್ ಎಲ್ಲ ಹಿಡಿದು ನ್ಯಾಯವಾದ ಒಂದು ರೇಟು ಹಾಕಿದ. ಮೂವತ್ತೆರಡು ಸಲ ತೊಳೆದು ಪಳಗಿದ ಭಾವಮೈದ ಇದಕ್ಕಿಂತ ಕಡಿಮೆಯಲ್ಲೇ ಮಾಡುತ್ತಾನೆ, ಅನುಮಾನವೇ ಇಲ್ಲ. ಆದರೂ ತಾನು ಸೋಲಲೇಬೇಕಲ್ಲ ಎಂದು ಅದನ್ನು ದುಪ್ಪಟ್ಟು ಮಾಡಿದ. ಕವರು ಅಂಟಿಸಿ ಕೊಟ್ಟ.

ಪುರಸಭೆಯಲ್ಲಿ ಕವರು ಒಡೆದ ದಿನ ಸಭೆಯಲ್ಲಿ ಆಡಿಟ್‌ನ ಅಮ್ಮನವರು ಕೂತಿದ್ದರು. ಸತ್ತವರ ಕೊಟೇಶನ್ ಹಿಡಿದವರು ಅವರೇ. ಗುಮಾಸ್ತ ಮೂರು ಕವರು ಒಡೆದು ಓದಿದ. ಓದಿದವನು ಕನ್ನಡಕ ಒರೆಸಿಕೊಂಡು ಮತ್ತೆ ಓದಿದ. ಬೀಗದಪ್ಪನ ದುಪ್ಪಟ್ಟು ರೇಟು ಭಾವಮೈದನ ರೇಟಿನ ಅರ್ಧವೂ ಇರಲಿಲ್ಲ.

ಅಧ್ಯಕ್ಷರು ಮುಖ್ಯಾಧಿಕಾರಿಯ ಮುಖ ನೋಡಿದರು, ಮುಖ್ಯಾಧಿಕಾರಿ ಫ್ಯಾನು ನೋಡಿದರು. ಆಡಿಟ್ ಅಮ್ಮನವರು, “ಕಡಿಮೆ ಇರೋರಿಗೇ ತಾನೆ ಕೊಡೋದು? ಬರ್ಕೊಳ್ಳಿ” ಎಂದರು. ಗುಮಾಸ್ತ ಬರೆದುಕೊಂಡ. ಹೀಗೆ ಬೀಗ ರಿಪೇರಿಯವನು ಊರಿನ ನೀರಿಗೆ ಯಜಮಾನನಾದ.

ಆರ್ಡರಿನ ಕಾಗದ ಮನೆಗೆ ಬಂದು ಅರ್ಧ ಗಂಟೆಯೊಳಗೆ ಭಾವಮೈದನೂ ಬಂದ. ಅವನ ಹಿಂದೆ ಅವನ ಹೆಂಡತಿ, ಅವಳ ಹಿಂದೆ ಸೈಕಲ್ ಶಾಪಿನವನು.

“ಮನೆ ಹಾಳು ಮಾಡಿಬಿಟ್ರಲ್ಲ ಭಾವ!”

“ನೀನು ಜಾಸ್ತಿ ಬರಿ ಅಂದೆ, ನಾನು ದುಪ್ಪಟ್ಟು ಬರೆದೆ ಕಣೋ.”

“ಯಾವುದರ ದುಪ್ಪಟ್ಟು?”

“ಕೆಲಸದ್ದು!”

“ಕೆಲಸಕ್ಕೆ ಯಾರಾದ್ರೂ ರೇಟ್ ಹಾಕ್ತಾರಾ?” ಎಂದು ಸೈಕಲ್ ಶಾಪಿನವನು ಹಣೆ ಚಚ್ಚಿಕೊಂಡ.

ಬೀಗದಪ್ಪನ ಹೆಂಡತಿ ತಮ್ಮನ ಪರ ನಿಂತಳು. “ನನ್ನ ತಮ್ಮನ ಅನ್ನಕ್ಕೆ ಕಲ್ಲು ಹಾಕೋಕೆ ನಿಮಗೆ ಮನಸ್ಸಾದ್ರೂ ಹೇಗೆ ಬಂತುರೀ?” ಎಂದು ಸೆರಗು ಬಾಯಿಗಿಟ್ಟುಕೊಂಡಳು. ಕೊನೆಗೆ ಭಾವಮೈದನೇ ದೊಡ್ಡ ಮನಸ್ಸು ಮಾಡಿ ದಾರಿ ತೋರಿಸಿದ. ಬೀಗದಪ್ಪ ಏನೂ ಮಾಡಬೇಕಾಗಿಲ್ಲ. ತಿಂಗಳು ಬಿಟ್ಟು ತೊಳೆದಿದ್ದೇನೆ ಎಂದು ಬಿಲ್ಲು ಹಾಕಿದರಾಯಿತು.

“ತೊಳೀದೇನೇ?”

“ಭಾವ, ಆ ಟ್ಯಾಂಕ್ ಹತ್ತೋಕೆ ನೂರಾ ನಾಲ್ಕು ಮೆಟ್ಲು. ನಿಮ್ಮ ಮಂಡಿ ನೋವು ನನಗೆ ಗೊತ್ತಿಲ್ವಾ?” ಎಂದು ಅವನು ಕಾಳಜಿಯಿಂದ ಹೇಳಿದ.

ಬೀಗದಪ್ಪ ಅಷ್ಟು ಚುರುಕಿನವನಲ್ಲ ಎಂಬುದು ನಿಮಗೂ ತಿಳಿದಿರಬೇಕು. ಆದರೆ ಒಪ್ಪಿಕೊಂಡ ಕೆಲಸವನ್ನು ಮಾಡದೆ ಗಿರಾಕಿಗೆ ಬೀಗ ವಾಪಸು ಕೊಟ್ಟವನಲ್ಲ. ಅದೂ ಅಲ್ಲದೆ ಒಳಕೋಣೆಯಲ್ಲಿ ಮಲಗಿದ್ದ ಮಗಳು ಕುಡಿಯುವುದೂ ಅದೇ ನೀರು. ಮರುದಿನ ಪುರಸಭೆಗೆ ಹೋಗಿ ಟ್ಯಾಂಕಿನ ಮುಚ್ಚಳದ ಕೀ ಕೇಳಿದ. ಗುಮಾಸ್ತ ಹಾವು ಕಂಡವನ ಹಾಗೆ ನೋಡಿದ. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಡ್ರಾಯರೆಲ್ಲ ಬಗೆದು ಕಡೆಗೆ ಒಂದು ಪೊಟ್ಟಣ ಕೊಟ್ಟ. ಬೀಗದಪ್ಪ ಬಿಚ್ಚಿ ನೋಡಿದ. ತಾನೇ ಎಂಟು ವರ್ಷದ ಹಿಂದೆ ಬೀಗದ ಜೊತೆ ಮಾರಿದ ಎರಡು ಕೀ, ತಾನೇ ಸುತ್ತಿದ ಎಣ್ಣೆ ಕಾಗದದಲ್ಲಿ. ಒಂದು ಗೀರಿಲ್ಲ. ಆ ಕೀಗಳು ಹುಟ್ಟಿದ ಮೇಲೆ ಬೀಗದ ಮುಖವನ್ನೇ ನೋಡಿರಲಿಲ್ಲ.

“ಇದರ ಮೂರನೇ ಕೀ ಇದೆಯಾ?”

“ಇಲ್ಲವಲ್ಲ. ಯಾಕೆ?”

“ಹಾಗಾದ್ರೆ ಮೂವತ್ತೆರಡು ಸಲ ಒಳಗೆ ಹೋಗಿದ್ದು ಹೇಗೆ?”

ಗುಮಾಸ್ತನಿಗೆ ತಟ್ಟನೆ ಊಟದ ಸಮಯವಾಯಿತು.

ನೂರಾ ನಾಲ್ಕು ಮೆಟ್ಟಿಲು ಹತ್ತಿ, ಮಂಡಿ ಹಿಡಿದುಕೊಂಡು ಬೀಗದಪ್ಪ ಬೀಗದ ಮುಂದೆ ಕೂತ. ತುಕ್ಕು ಹಿಡಿದು ಹಿಡಿದು ಬೀಗವೂ ಮುಚ್ಚಳವೂ ಒಂದಾಗಿದ್ದವು. ಕೀ ಹಾಕುವ ತೂತಿನಲ್ಲಿ ಕಣಜದ ಹುಳ ಮಣ್ಣಿನ ಗೂಡು ಕಟ್ಟಿ, ಮಕ್ಕಳು ಮಾಡಿ, ಖಾಲಿಯೂ ಮಾಡಿ ಹೋಗಿತ್ತು. ಬೇರೆ ಯಾರಾದರೂ ಆಗಿದ್ದರೆ ಕಂಟ್ರಾಕ್ಟಿನ ಮೋಸಕ್ಕೆ ಸಿಟ್ಟಾಗುತ್ತಿದ್ದರು. ಬೀಗದಪ್ಪನಿಗೆ ಮೊದಲು ಸಿಟ್ಟು ಬಂದದ್ದು ಬೀಗದ ಗತಿ ನೋಡಿ. “ಒಂದು ಹನಿ ಎಣ್ಣೆ ಬಿಡೋ ಯೋಗ್ಯತೆ ಇಲ್ವಲ್ರೋ ನಿಮಗೆ” ಎಂದು ಇಡೀ ಪುರಸಭೆಗೆ ಬೈದ. ಗರಗಸದಿಂದ ಬೀಗ ಕತ್ತರಿಸಿ ಮುಚ್ಚಳ ಎತ್ತಿದ. ಆಮೇಲೆ ಬಂದ ಸಿಟ್ಟೇ ಬೇರೆ.

ಒಳಗಿನ ವಾಸನೆಗೆ ಜೊತೆಗಿದ್ದ ಇಬ್ಬರು ಆಳುಗಳು ಹತ್ತು ಮೆಟ್ಟಿಲು ಕೆಳಗೆ ಓಡಿದರು. ನೀರು ಖಾಲಿ ಮಾಡಿಸಿ ನೋಡಿದರೆ ತೊಡೆಮಟ್ಟ ಹೂಳು. ಅದರಲ್ಲಿ ಪಾರಿವಾಳದ ಮೂಳೆ, ಇಲಿ, ಕಟ್ಟಿದವರು ಬಿಟ್ಟುಹೋದ ಸಿಮೆಂಟ್ ಚೀಲ, ಎಡಗಾಲಿನ ಒಂದು ಚಪ್ಪಲಿ. ಗಂಡನನ್ನು ಎಳೆದುಕೊಂಡು ಹೋಗುತ್ತೇನೆಂದು ಹೆಂಡತಿ ಮೆಟ್ಟಿಲುದ್ದಕ್ಕೂ ಬೈಯುತ್ತಾ ಹತ್ತಿ ಬಂದಳು. ಬಗ್ಗಿ ನೋಡಿದಳು. ಬೈಗುಳ ಅರ್ಧಕ್ಕೇ ನಿಂತಿತು.

“ಇದನ್ನಾ ನಾನು ಕುದಿಸಿ ಕುದಿಸಿ ಮಗೂಗೆ ಕುಡಿಸ್ತಿದ್ದಿದ್ದು?”

ಅವಳು ಬಿಸಿಲಲ್ಲೇ ಕುಸಿದು ಕೂತಳು. ಆಮೇಲೆ, “ನನ್ನ ತಮ್ಮಂಗೆ ಗೊತ್ತಿರಲಿಕ್ಕಿಲ್ಲ ರೀ. ಆಳುಗಳು ಮೋಸ ಮಾಡಿರ್ತಾರೆ. ಅವನು ಪಾಪದೋನು” ಎಂದಳು. ಒಡಹುಟ್ಟಿದ ಪ್ರೀತಿಗೆ ಕಣ್ಣಿಲ್ಲದಿದ್ದರೆ ಹೋಗಲಿ, ಮೂಗಾದರೂ ಬೇಡವೆ?

ನಾಲ್ಕು ದಿನ ತೊಳೆದರು. ನಾಲ್ಕು ದಿನ ಊರಿಗೆ ನೀರಿಲ್ಲ. ಐದನೇ ದಿನ ಪೈಪಿನಲ್ಲಿ ಕೂತಿದ್ದ ಕೊಳೆಯೆಲ್ಲ ಕಿತ್ತು ನಲ್ಲಿಯಲ್ಲಿ ಕೆಂಪು ನೀರು ಬಂತು. ಆರನೇ ದಿನದಿಂದ ಕನ್ನಡಿಯಂಥ ನೀರು. ಆದರೆ ಆರನೇ ದಿನದವರೆಗೆ ಕಾಯುವ ತಾಳ್ಮೆ ಊರಿಗೆಲ್ಲಿಯದು? ಎರಡನೇ ದಿನಕ್ಕೇ ಕೊಡಗಳನ್ನು ಹಿಡಿದು ಬೀದಿಗೆ ಬೀದಿಯೇ ಬೀಗದಪ್ಪನ ಬಾಗಿಲಿಗೆ ಬಂತು.

“ಮೂವತ್ತೆರಡು ಸಲ ತೊಳೆದ ಕಣಯ್ಯ ನಿನ್ನ ಭಾವಮೈದ! ಒಂದೇ ಒಂದು ದಿನ ನೀರು ನಿಂತಿದ್ದಿಲ್ಲ. ತೊಳೆದ ಅಂತ ನಮಗೆ ಗೊತ್ತೇ ಆಗ್ತಿರ್ಲಿಲ್ಲ. ಕೆಲಸ ಅಂದ್ರೆ ಅದು!” ಎಂದು ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ಕೋಲು ಕುಟ್ಟಿದರು.

“ತೊಳೀಲಿಲ್ಲ ಮೇಷ್ಟ್ರೇ, ಅದಕ್ಕೇ ಗೊತ್ತಾಗ್ಲಿಲ್ಲ!”

“ಬರೀ ವಾದ ಬೇಡ. ನಮಗೆ ತೊಳೆಯೋದು ಬೇಡ, ನೀರು ಬೇಕು.”

ಈ ಮಾತಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಬೀಗದಪ್ಪನಿಗೆ ಆ ಕೊಡಗಳನ್ನು ಒಂದೊಂದಾಗಿ ಅವರವರ ತಲೆಗೇ ಮಗುಚಬೇಕು ಅನ್ನಿಸಿತು. ತಟ್ಟಿದ ಕೈಗಳಲ್ಲಿ ಹೋದ ತಿಂಗಳು ವಾಂತಿ ಭೇದಿಯಾಗಿ ಆಸ್ಪತ್ರೆ ಸೇರಿದ್ದವರ ಕೈಯೂ ಇತ್ತು. ಇಂಥ ಜನಕ್ಕೆ ಏನು ಹೇಳೋಣ?

ಪುರಸಭೆ ವಿಶೇಷ ಸಭೆ ಕರೆಯಿತು. ಮೇಜಿನ ಮೇಲೆ ಸದಸ್ಯರಿಗೆ ತಲೆಗೊಂದು ಸೀಲ್ ಮಾಡಿದ ನೀರಿನ ಬಾಟಲಿ. ಎದುರಿಗೆ ಬೀಗದಪ್ಪ, ಕೈಯಲ್ಲಿ ಒಂದು ಬಕೆಟ್ ಹೂಳು, ಕತ್ತರಿಸಿದ ಬೀಗ, ಎಣ್ಣೆ ಕಾಗದದ ಕೀ. ಗೋಡೆ ಪಕ್ಕದ ಬೆಂಚಿನಲ್ಲಿ ಭಾವಮೈದ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕೂತಿದ್ದ.

ಮುಖ್ಯಾಧಿಕಾರಿ ಫೈಲು ಬಿಚ್ಚಿದರು. “ಇದು ಟ್ಯಾಂಕಿನ ಫೈಲು. ಮೂವತ್ತೆರಡು ಸಲ ತೊಳೆದಿದೆ ಅಂತ ಮೂವತ್ತೆರಡು ಸರ್ಟಿಫಿಕೇಟ್ ಇದೆ. ಕಡೇದಕ್ಕೆ ಸಹಿ ಆಗಿ ಮೂರು ತಿಂಗಳು. ಅಂದ್ರೆ ಟ್ಯಾಂಕು ಕ್ಲೀನಾಗಿತ್ತು. ಈಗ ಹೇಳಿ, ಈ ಹೂಳು ಎಲ್ಲಿಂದ ತಂದ್ರಿ?”

“ಟ್ಯಾಂಕಿಂದ ಸ್ವಾಮಿ!”

“ಟ್ಯಾಂಕಲ್ಲಿ ಹೂಳು ಇರೋಕೆ ಸಾಧ್ಯವಿಲ್ಲ. ಫೈಲು ನೋಡಿ.”

“ನೀವು ಟ್ಯಾಂಕ್ ನೋಡಿ!”

“ಫೈಲಿನಲ್ಲಿ ಇಲ್ಲದ್ದನ್ನ ನೋಡೋ ಅಧಿಕಾರ ನನಗಿಲ್ಲ.”

ಬೀಗದಪ್ಪ ಬೀಗವನ್ನು ಮೇಜಿನ ಮೇಲೆ ಕುಕ್ಕಿದ. “ನಾನು ಮೂವತ್ತು ವರ್ಷದಿಂದ ಬೀಗ ನೋಡ್ತಿದೀನಿ. ಇದು ಎಂಟು ವರ್ಷದಿಂದ ಬಾಯಿ ತೆರೆದಿಲ್ಲ!”

“ಬೀಗ ದಾಖಲೆ ಅಲ್ಲ” ಎಂದರು ಮುಖ್ಯಾಧಿಕಾರಿ. “ಅದೂ ಅಲ್ಲದೆ ಅದು ಪುರಸಭೆ ಆಸ್ತಿ. ಕತ್ತರಿಸೋಕೆ ಪರ್ಮಿಶನ್ ತಗೊಂಡ್ರಾ?”

ಅಧ್ಯಕ್ಷರು ಗಂಟಲು ಸರಿ ಮಾಡಿಕೊಂಡು ನ್ಯಾಯ ಹೇಳಿದರು. “ನೋಡಯ್ಯ, ವಿಷಯ ಸರಳ. ಹೂಳು ಪುರಸಭೇದಾದ್ರೆ, ನೀನು ಕೇಳದೆ ಹೊರಗೆ ಸಾಗಿಸಿದ್ದೀಯ, ಅದು ಕಳ್ಳತನ. ಹೂಳು ನಿಂದಾದ್ರೆ, ನೀನೇ ಕುಡಿಯೋ ನೀರಿಗೆ ಹಾಕಿದ್ದೀಯ, ಅದು ಇನ್ನೂ ದೊಡ್ಡ ತಪ್ಪು. ಯಾವುದು ಅಂತ ನೀನೇ ಹೇಳು. ಬಲವಂತ ಇಲ್ಲ.”

ಬೀಗದಪ್ಪನ ಪಿತ್ತ ನೆತ್ತಿಗೇರಿತು. ಅಧ್ಯಕ್ಷರನ್ನು ನೋಡಿದ, ಬಾಟಲಿ ನೋಡಿದ, ಬಿಳಿ ಅಂಗಿ ನೋಡಿದ.

“ಹೌದ್ರಯ್ಯಾ, ನಂದೇ!” ಎಂದು ಕಿರುಚಿದ. “ನಂದೇ ಹೂಳು! ಎಂಟು ವರ್ಷದಿಂದ ದಿನಾ ಬೆಳಗ್ಗೆ ಎದ್ದು ಒಂದೊಂದು ಬುಟ್ಟಿ ಹೊತ್ಕೊಂಡು ನೂರಾ ನಾಲ್ಕು ಮೆಟ್ಲು ಹತ್ತಿ ಸುರೀತಿದ್ದೆ! ಇಲಿ ನಾನೇ ಹಿಡಿದು ಹಾಕ್ದೆ! ಪಾರಿವಾಳಾನೂ ನಾನೇ ಕರೆದು ಸಾಯಿಸ್ದೆ! ನನ್ನ ಮಗಳಿಗೆ ಕಾಮಾಲೆ ಬರಲಿ ಅಂತ ನಾನೇ ಮಾಡ್ದೆ! ಬರ್ಕೊಳ್ಳಿ!”

ಗುಮಾಸ್ತ ಬರೆದುಕೊಂಡ.

ಸಭೆ ನಿಟ್ಟುಸಿರು ಬಿಟ್ಟಿತು. ಆರೋಪಿ ಇಷ್ಟು ಸಲೀಸಾಗಿ ಒಪ್ಪಿಕೊಂಡರೆ ಯಾರಿಗೆ ತಾನೆ ಸಂತೋಷವಾಗುವುದಿಲ್ಲ? ಆಡಿಟ್ ಅಮ್ಮನವರು ಮಾತ್ರ ಪೆನ್ನು ಮೇಲೆತ್ತಿ, “ಇವರು ದಿನಾ ಹಾಕ್ತಿದ್ರೆ, ಮೂವತ್ತೆರಡು ಸಲ ತೊಳೆದವರಿಗೆ ಅದು ಕಾಣಲಿಲ್ವಾ?” ಎಂದು ಕೇಳಿದರು. ಗೋಡೆ ಪಕ್ಕದ ಬೆಂಚು ಕಿರುಗುಟ್ಟಿತು. ಮುಖ್ಯಾಧಿಕಾರಿ ಸಭೆಯ ಪರವಾಗಿ, ಈ ಪ್ರಶ್ನೆಯನ್ನು ಅತ್ಯಂತ ಗಂಭೀರವಾಗಿ ತೆಗೆದುಕೊಳ್ಳಲಾಗಿದೆ ಎಂದರು. ಗಂಭೀರವಾಗಿ ತೆಗೆದುಕೊಂಡ ಮೇಲೆ ಠರಾವು ಹೀಗೆ ಬಂತು:

ಬೀಗ ರಿಪೇರಿಯವನ ಹೆಸರನ್ನು ಕಪ್ಪು ಪಟ್ಟಿಗೆ ಸೇರಿಸತಕ್ಕದ್ದು. ಟ್ಯಾಂಕ್ ಕೆಡಿಸಿದ ತಪ್ಪಿಗೆ ಇನ್ನು ಮುಂದೆ ಮೂರು ತಿಂಗಳಿಗೊಮ್ಮೆ ಅವನೇ ಸ್ವಂತ ಖರ್ಚಿನಲ್ಲಿ ಅದನ್ನು ತೊಳೆಯತಕ್ಕದ್ದು. ಕಂಟ್ರಾಕ್ಟು ಎರಡನೇ ಕಡಿಮೆ ದರದವರಾದ ಭಾವಮೈದನಿಗೆ ಹೋಗತಕ್ಕದ್ದು. ಬೀಗದಪ್ಪ ತೊಳೆದದ್ದಕ್ಕೆ ಬಿಲ್ಲಿನ ಹಣವನ್ನು ಭಾವಮೈದ ಪಡೆಯತಕ್ಕದ್ದು. ಪಾರದರ್ಶಕತೆಯ ದೃಷ್ಟಿಯಿಂದ, ಕಂಟ್ರಾಕ್ಟರು ಸ್ವತಃ ಟ್ಯಾಂಕಿನೊಳಗೆ ಬ್ರಶ್ ಹಿಡಿದು ನಿಂತ ಫೋಟೋವನ್ನು ಪ್ರತಿ ಬಿಲ್ಲಿಗೂ ಲಗತ್ತಿಸತಕ್ಕದ್ದು.

ಹದಿನೇಳು ಕೈ ಮೇಲೆದ್ದವು. ಕೈ ಎತ್ತಿ ಎಲ್ಲರಿಗೂ ಬಾಯಾರಿತು, ಬಾಟಲಿ ಬಿಚ್ಚಿದರು.

“ಒಪ್ಪಿಗೆ ತಾನೆ?” ಎಂದು ಅಧ್ಯಕ್ಷರು ಬೀಗದಪ್ಪನನ್ನು ಕೇಳಿದರು.

“ಒಪ್ಪಿಗೆ. ನೀವು ಶಿಕ್ಷೆ ಅಂತ ಬರ್ಕೊಳ್ಳಿ, ನಾನು ನನ್ನ ಮಗಳಿಗೆ ನೀರು ಅಂತ ತೊಳೀತೀನಿ” ಎಂದು ಹೇಳಿ, ಅವನು ಬಕೆಟ್ ಹೂಳನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟು ಹೊರಟ. ಅದನ್ನು ಎತ್ತಿಸುವುದಕ್ಕೂ ಮೂರು ಕೊಟೇಶನ್ ಬೇಕಾದ್ದರಿಂದ ಒಂದು ವಾರ ಅದು ಅಲ್ಲೇ ನಾರುತ್ತಿತ್ತು.

ಮೂರು ತಿಂಗಳು ಕಳೆಯಿತು. ಮಗಳು ಒಂದು ದಿನವೂ ತಪ್ಪದೆ ಶಾಲೆಗೆ ಹೋದಳು. ಬೀದಿಯವರು ನೀರು ಚೆನ್ನಾಗಿದೆ ಎಂದು ಹೊಗಳಿದರು, ಕಂಟ್ರಾಕ್ಟರನ್ನು. ಬೀಗದಪ್ಪ ಹಲ್ಲು ಕಚ್ಚಿಕೊಂಡು ಬ್ರಶ್ಶು, ಬಕೆಟ್ಟು, ಬಾಡಿಗೆ ಏಣಿ ಹೊತ್ತು ನೂರಾ ನಾಲ್ಕು ಮೆಟ್ಟಿಲು ಹತ್ತಿದ. ಈ ಸಲ ಆಳು ಇಡುವ ಶಕ್ತಿ ಇರಲಿಲ್ಲ, ಹೆಂಡತಿಯೇ ಜೊತೆಗೆ ಬಂದಳು. ಏಣಿ ಇಳಿಬಿಟ್ಟು ಕೆಲಸ ಶುರು ಮಾಡುವಷ್ಟರಲ್ಲಿ ಭಾವಮೈದ ಏದುಸಿರು ಬಿಡುತ್ತಾ ಮೇಲೆ ಬಂದ. ಅದೇ ಬಿಳಿ ಅಂಗಿ, ತಲೆಗೆ ಎಣ್ಣೆ.

“ಭಾವ, ನೀವು ಸ್ವಲ್ಪ ಮೇಲೆ ಬನ್ನಿ, ಫೋಟೋಗೆ ಅಡ್ಡ ಬರ್ತೀರಿ. ಅಕ್ಕ, ನೀನೇ ತೆಗಿ.”

ಬೀಗದಪ್ಪ ಮೇಲೆ ಬಂದ. ಭಾವಮೈದ ಫೋನನ್ನು ಅಕ್ಕನ ಕೈಗೆ ಕೊಟ್ಟು, ಪ್ಯಾಂಟು ಮಡಿಚಿ, ಏಣಿಯ ಒಂದೊಂದೇ ಮೆಟ್ಟಿಲು ಇಳಿದ. ತಳದಲ್ಲಿ ಪಾದ ಮುಳುಗುವಷ್ಟು ನೀರು, ಮೂರು ತಿಂಗಳ ತೆಳು ಕೆಸರು. ಬ್ರಶ್ ಹಿಡಿದು ನಕ್ಕ. ಅವಳು ಎರಡು ಫೋಟೋ ತೆಗೆದಳು.

“ಬೇಗ ಅಕ್ಕ, ಇನ್ನೊಂದು. ಥೂ, ಕಾಲಿಗೆಲ್ಲ ಅಂಟುತ್ತೆ. ಇದನ್ನ ಮನುಷ್ಯರು ಕುಡೀತಾರಾ? ನಾನು ಈ ಕಂಟ್ರಾಕ್ಟ್ ತಗೊಂಡ ದಿನಾನೇ ಮನೇಲಿ ಹೇಳ್ಬಿಟ್ಟೆ, ಇನ್ಮೇಲೆ ನಲ್ಲಿ ನೀರು ಒಂದು ಹನಿ ಒಳಗೆ ಬರಕೂಡದು, ಮಕ್ಕಳಿಗೆ ಕ್ಯಾನ್ ನೀರೇ ಅಂತ.”

ಬೀಗದಪ್ಪ ಹೆಂಡತಿಯ ಮುಖ ನೋಡಿದ. ಮದುವೆಯಾಗಿ ಹದಿನೈದು ವರ್ಷದಲ್ಲಿ ಅವಳಿಂದ ಬೇಕಾದಷ್ಟು ಬೈಸಿಕೊಂಡಿದ್ದ, ಆದರೆ ಆ ಮುಖ ಕಂಡಿರಲಿಲ್ಲ. ಅವಳು ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎರಡೂ ಕೈಯಿಂದ ಏಣಿ ಹಿಡಿದಳು. ಅವನೂ ಕೈ ಹಾಕಿದ. ಏಣಿ ಸರ್ರನೆ ಮೇಲೆ ಬಂತು.

“ಅಕ್ಕ! ಏಯ್ ಅಕ್ಕ! ಏಣಿ! ಏನ್ ತಮಾಷೆ ಇದು?”

ಅವಳು ಬಕೆಟ್ಟಿಗೆ ಬ್ಲೀಚಿಂಗ್ ಪೌಡರಿನ ಪೊಟ್ಟಣ ಹಾಕಿ, ಹಗ್ಗ ಕಟ್ಟಿ, ಅವನ ಮುಂದೆ ಇಳಿಬಿಟ್ಟಳು.

“ಎರಡು ಸಲ ಕಾಮಾಲೆ ಕಣೋ ನನ್ನ ಮಗೂಗೆ” ಎಂದಳು. “ಉಜ್ಜು.”